ಸಾಯಲಿರುವವರು, ಓದಬೇಕಾದದ್ದು: ಲ್ಯಾಟಿನ್ ಭವಿಷ್ಯತ್ ಕೃದಂತದ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಲ್ಯಾಟಿನ್ ಕ್ರಿಯಾಪದಕ್ಕೆ ನಾಲ್ಕು ಮೂಲರೂಪಗಳಿವೆ, ನಾಲ್ಕನ್ನೂ ಬಾಯಿಪಾಠ ಮಾಡಿಕೊಳ್ಳಿ ಎಂದು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಭವಿಷ್ಯತ್ ಕೃದಂತದ, ಅಂದರೆ ಕ್ರಿಯಾಪದದಿಂದ ಹುಟ್ಟಿ ನಾಮಪದವನ್ನು ಬಣ್ಣಿಸುವ "ಓದಲಿರುವ" ಥರದ ರೂಪದ, ಮೇಲೆಯೇ ಇವೆ. ಹಾಗಾಗಿ ಈ ಸಲ ಪೂರ್ತಿ ಅದೊಂದೇ ವಿಷಯ.

ಪ್ರಶ್ನೆ: ನಾನು ಪದವಿ ಓದುತ್ತಾ ಆನ್‌ಲೈನಲ್ಲಿ ಲ್ಯಾಟಿನ್ ಕಲಿಯುತ್ತಿದ್ದೇನೆ. ಪುಸ್ತಕದಲ್ಲಿ "ಲೇಕ್ತೂರುಸ್" ಕೂಡ ಭವಿಷ್ಯತ್ ಕೃದಂತ, "ಲೆಗೆಂದುಸ್" ಕೂಡ ಭವಿಷ್ಯತ್ ಕೃದಂತ ಅಂತ ಕೊಟ್ಟಿದ್ದಾರೆ. ಎರಡಕ್ಕೂ "ಓದಲಿರುವ" ಎಂದು ಅರ್ಥ ಬರೆದೆ. ಒಂದು ತಪ್ಪು ಅಂತ ಬಂತು. ಎಲ್ಲಿ ಎಡವಿದೆ? (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ಈ ತಪ್ಪಿನ ಬೇರು ಕನ್ನಡದಲ್ಲಿದೆ ಕಣಮ್ಮ. "ಓದಲಿರುವ ಹುಡುಗ" ಅಂತ ಒಮ್ಮೆ ಹೇಳಿ ನೋಡಿ. ಆಮೇಲೆ "ಓದಲಿರುವ ಪುಸ್ತಕ" ಅನ್ನಿ. ಹುಡುಗ ತಾನೇ ಓದುತ್ತಾನೆ. ಪುಸ್ತಕ ಓದುವುದಿಲ್ಲ, ಅದನ್ನು ಬೇರೆ ಯಾರೋ ಓದುತ್ತಾರೆ. ಆದರೂ ನಾವು ಎರಡು ಕಡೆಯೂ ಅದೇ "ಓದಲಿರುವ" ಹಾಕಿದೆವು, ಯಾರಿಗೂ ಗೊಂದಲ ಆಗಲಿಲ್ಲ. "ಕೊಂದ ಹುಲಿ" ಅನ್ನುವುದನ್ನೇ ತಗೊಳ್ಳಿ. ಹಸುವನ್ನು ಕೊಂದ ಹುಲಿಯೂ ಆಗಬಹುದು, ಬೇಟೆಗಾರ ಕೊಂದ ಹುಲಿಯೂ ಆಗಬಹುದು. ಕೊಂದದ್ದು ಯಾರು, ಸತ್ತದ್ದು ಯಾರು ಎಂಬುದನ್ನು ಹಿಂದುಮುಂದಿನ ಪದಗಳು ಹೇಳುತ್ತವೆ, ಕೃದಂತ ಹೇಳುವುದಿಲ್ಲ.

ಲ್ಯಾಟಿನ್‌ನಲ್ಲಿ ಇದನ್ನು ಕೃದಂತವೇ ಹೇಳಬೇಕು. ಓದುವವನಿಗೆ ಒಂದು ರೂಪ, ಓದಿಸಿಕೊಳ್ಳುವುದಕ್ಕೆ ಇನ್ನೊಂದು. "ಪುಯೆರ್ ಲೇಕ್ತೂರುಸ್" ಅಂದರೆ ಓದಲಿರುವ ಹುಡುಗ. "ಲಿಬೆರ್ ಲೆಗೆಂದುಸ್" ಅಂದರೆ ಓದಬೇಕಾದ ಪುಸ್ತಕ. ಇವನ್ನು ಅದಲು ಬದಲು ಮಾಡಿದರೆ ಪುಸ್ತಕ ಕನ್ನಡಕ ಹಾಕಿಕೊಂಡು ಓದಲು ಕೂತ ಹಾಗೆ ಆಗುತ್ತದೆ. ಅದಕ್ಕೇ ಅನುವಾದಕ್ಕೆ ಕೂರುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ನಾಮಪದ ಕೆಲಸ ಮಾಡುತ್ತದಾ, ಅಥವಾ ಕೆಲಸ ಅದರ ಮೇಲೆ ನಡೆಯುತ್ತದಾ? ಮಾಡುವುದಾದರೆ "ಊರುಸ್". ನಡೆಯುವುದಾದರೆ "ಅಂದುಸ್" ಅಥವಾ "ಎಂದುಸ್". ನಾನು ಇವತ್ತಿಗೂ ಪ್ರತಿ ಸಲ ಕೇಳಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ಇವೆರಡೂ ಒಂದೇ ಬುಡದಿಂದ ಹುಟ್ಟುವುದಿಲ್ಲ. ಓದುವ ಕ್ರಿಯಾಪದದ ನಾಲ್ಕು ಮೂಲರೂಪ ಲೆಗೋ, ಲೆಗೆರೆ, ಲೇಗೀ, ಲೇಕ್ತುಂ. ನಾಲ್ಕನೆಯದು ಲೇಕ್ತುಂ. ಅದರ ಕೊನೆಯ "ಉಂ" ಕಿತ್ತು "ಊರುಸ್" ಸೇರಿಸಿದರೆ ಲೇಕ್ತೂರುಸ್. ಲೆಗೆಂದುಸ್ ಮಾತ್ರ ವರ್ತಮಾನದ ಲೆಗೆ ಬುಡಕ್ಕೆ "ಂದುಸ್" ಸೇರಿ ಆದದ್ದು. ಅದಕ್ಕೇ ಒಂದರಲ್ಲಿ "ಕ್ತ" ಇದೆ, ಇನ್ನೊಂದರಲ್ಲಿ "ಗ" ಇದೆ. ಬಹಳ ಜನ "ಲೆಗೆತೂರುಸ್" ಅಂತ ಬರೆದುಬಿಡುತ್ತಾರೆ, ಅಂಥ ಪದ ಇಲ್ಲ. ನಾಲ್ಕನೇ ರೂಪ ಬಾಯಿಗೆ ಬಾರದಿದ್ದರೆ ಈ ಕೃದಂತವೂ ಬರುವುದಿಲ್ಲ, ಹಾಗಾಗಿ ಕಳೆದ ಸಲ ಅಷ್ಟು ಒತ್ತಿ ಹೇಳಿದ್ದೆ.

ಲಿಂಗ, ವಚನ, ವಿಭಕ್ತಿ ಮೂರೂ ಹೊಂದಬೇಕು ಅನ್ನುವುದನ್ನೂ ಮರೆಯಬೇಡಿ. ಹುಡುಗಿಯಾದರೆ "ಪುಯೆಲ್ಲಾ ಲೇಕ್ತೂರಾ". ಪತ್ರ ಲ್ಯಾಟಿನ್‌ನಲ್ಲಿ ಸ್ತ್ರೀಲಿಂಗ, ಆದ್ದರಿಂದ "ಎಪಿಸ್ತುಲಾ ಲೆಗೆಂದಾ".

ಪ್ರಶ್ನೆ: "ಈಬೋ" ಅಂದರೂ ಹೋಗುತ್ತೇನೆ, "ಇತೂರುಸ್ ಸುಂ" ಅಂದರೂ ಹೋಗುತ್ತೇನೆ. ಒಂದೇ ಮಾತಿಗೆ ಎರಡು ರೂಪ ಯಾಕೆ? ನಾನು ಮೂವತ್ತು ವರ್ಷ ಕನ್ನಡ ವ್ಯಾಕರಣ ಪಾಠ ಮಾಡಿದವನು. ನಮ್ಮಲ್ಲಿ ಇಂಥದ್ದು ಇಲ್ಲ ಅನ್ನಿಸುತ್ತದೆ. (ಮೈಸೂರಿನ ನಿವೃತ್ತ ಮೇಷ್ಟ್ರು)

ಉತ್ತರ: ಇದೆ ಸರ್! ನೀವು ದಿನಾ ಆಡುತ್ತಿರುತ್ತೀರಿ.

"ನಾನು ಹೋಗುವವನಿದ್ದೆ, ಅಷ್ಟರಲ್ಲಿ ಮಳೆ ಬಂತು" ಅನ್ನುತ್ತೇವಲ್ಲ, ಅದೇ "ಇತೂರುಸ್ ಎರಂ". ಹೆಂಗಸು ಹೇಳಿದರೆ "ಹೋಗುವವಳಿದ್ದೆ", ಲ್ಯಾಟಿನ್‌ನಲ್ಲೂ ಆಗ "ಇತೂರಾ ಎರಂ". "ಹೋಗುವವರಿದ್ದೆವು" ಅಂದರೆ "ಇತೂರೀ ಎರಾಮುಸ್". ಮೊದಲ ಸಲ ಇದನ್ನು ಗಮನಿಸಿದಾಗ ನನಗೆ ಮೈ ಝುಂ ಅಂದಿತ್ತು. "ಹೋದೆ" ಅನ್ನುವಾಗ ಹೇಳಿದವರು ಗಂಡೋ ಹೆಣ್ಣೋ ಕನ್ನಡದಲ್ಲಿ ತಿಳಿಯುವುದಿಲ್ಲ. "ಹೋಗುವವಳಿದ್ದೆ" ಅಂದಕೂಡಲೇ ತಿಳಿಯುತ್ತದೆ. ಲ್ಯಾಟಿನ್‌ನಲ್ಲೂ ಹಾಗೇ. "ಈಬೋ" ಎಂದವರು ಯಾರೋ ಗೊತ್ತಾಗಲ್ಲ, "ಇತೂರಾ ಸುಂ" ಎಂದವಳು ಹೆಣ್ಣು. ಕಾರಣವೂ ಒಂದೇ: ಎರಡು ಭಾಷೆಯಲ್ಲೂ ಕ್ರಿಯಾಪದದೊಳಗೆ ಒಂದು ನಾಮಪದದಂಥ ಭಾಗ ಬಂದು ಕೂತಿದೆ, ಲಿಂಗ ಅದರ ಜೊತೆಗೆ ಬಂದಿದೆ.

ಅರ್ಥದ ವ್ಯತ್ಯಾಸವೂ ನಮ್ಮದರಂತೆಯೇ. "ನಾಳೆ ಹೋಗ್ತೀನಿ" ಅನ್ನುವುದು ಬರೀ ಮುಂದಿನ ಸಂಗತಿ. "ಹೋಗುವವನಿದ್ದೇನೆ" ಅಂದರೆ ಮನಸ್ಸು ಮಾಡಿ ಆಗಿದೆ, ಚೀಲ ಕಟ್ಟಿ ಆಗಿದೆ, ಹೊಸ್ತಿಲ ಹತ್ತಿರ ಬಂದಾಗಿದೆ. ಆ ಹೊಸ್ತಿಲ ಮೇಲಿನ ಸ್ಥಿತಿಯೇ "ಊರುಸ್" ಕೃದಂತದ ಅರ್ಥ. ಹೋಗೇಬಿಡುತ್ತಾನೆ ಎಂಬ ಖಾತ್ರಿ ಅದರಲ್ಲಿಲ್ಲ, ಮಳೆ ಬರಬಹುದು.

ನಿಮಗೆ ಗೊತ್ತಿರುವುದೇ, ನಮ್ಮ ಶಾಲಾ ವ್ಯಾಕರಣದಲ್ಲಿ "ಮಾಡುವ" ಎಂಬುದನ್ನು ವರ್ತಮಾನ-ಭವಿಷ್ಯತ್ ಕೃದಂತ ಅಂತ ಒಟ್ಟಿಗೆ ಕರೆಯುತ್ತಾರೆ. ದಿನಾ ಬರುವ ಹಾಲಿನವನೂ "ಬರುವ", ನಾಳೆ ಬರುವ ನೆಂಟರೂ "ಬರುವ". ಲ್ಯಾಟಿನ್ ಈ ಎರಡನ್ನು ಬೇರೆ ಮಾಡಿದೆ. ಬರುತ್ತಿರುವವನು "ವೆನಿಯೇನ್ಸ್", ಬರಲಿರುವವನು "ವೆಂತೂರುಸ್". ಹಾಗಾಗಿ ಲ್ಯಾಟಿನ್‌ನಿಂದ ಕನ್ನಡಕ್ಕೆ ತರುವಾಗ "ಬರುವ" ಅಂತ ಸುಮ್ನೆ ಬರೆದು ಮುಂದೆ ಹೋಗಬೇಡಿ, "ಬರಲಿರುವ" ಅಂತಲೇ ಬರೆಯಿರಿ.

ಪ್ರಶ್ನೆ: ಸಿನಿಮಾಗಳಲ್ಲಿ ರೋಮ್‌ನ ಗ್ಲಾಡಿಯೇಟರುಗಳು ಚಕ್ರವರ್ತಿಯ ಮುಂದೆ ನಿಂತು "ಸಾಯಲಿರುವ ನಾವು ನಿಮಗೆ ನಮಸ್ಕರಿಸುತ್ತೇವೆ" ಅನ್ನುತ್ತಾರೆ. ಇದು ನಿಜವಾಗಿ ಇತ್ತಾ? ಲ್ಯಾಟಿನ್‌ನಲ್ಲಿ ಹೇಗೆ? (ಶಿವಮೊಗ್ಗ)

ಉತ್ತರ: ಭವಿಷ್ಯತ್ ಕೃದಂತ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ವಾಕ್ಯ ನನಗೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮಾತು ನಿಜ. ಆದರೆ ಪ್ರತಿ ಆಟದಲ್ಲೂ ಹೀಗೆ ಹೇಳುತ್ತಿದ್ದರು ಎಂಬುದಕ್ಕೆ ಆಧಾರ ಇಲ್ಲ. ಹಳೆಯ ಬರಹಗಳಲ್ಲಿ ಇದು ಬರುವುದು ಒಂದೇ ಒಂದು ಸಂದರ್ಭಕ್ಕೆ. ರೋಮ್‌ನ ಪೂರ್ವಕ್ಕೆ ಫುಚಿನೋ ಎಂಬ ದೊಡ್ಡ ಕೆರೆ ಇತ್ತು. ಕ್ಲಾಡಿಯಸ್ ಚಕ್ರವರ್ತಿ ಬೆಟ್ಟದೊಳಗೆ ಸುರಂಗ ಕೊರೆಸಿ ಆ ಕೆರೆಯ ನೀರು ಹೊರಬಿಡಲು ಹೊರಟ. ಬಿಡುವ ಮೊದಲು, ಕ್ರಿ.ಶ. 52ರಲ್ಲಿ, ಅದೇ ನೀರಿನ ಮೇಲೆ ಹಡಗುಗಳಲ್ಲಿ ಒಂದು ನೌಕಾ ಯುದ್ಧದ ಪ್ರದರ್ಶನ ಇಟ್ಟ. ಯುದ್ಧ ಪ್ರದರ್ಶನದ್ದು, ಸಾವು ಮಾತ್ರ ನಿಜವಾದದ್ದು. 19,000 ಜನರಿಗೆ ಆಯುಧ ಕೊಟ್ಟು ಇಳಿಸಿದ್ದ ಎಂದು ಇತಿಹಾಸಕಾರ ತಾಸಿತುಸ್ ಬರೆದಿದ್ದಾನೆ. ಅವರು ಶಿಕ್ಷೆಗೆ ಗುರಿಯಾದ ಅಪರಾಧಿಗಳು, ಕಸುಬಿನ ಗ್ಲಾಡಿಯೇಟರುಗಳಲ್ಲ. ಅವರು ಚಕ್ರವರ್ತಿಗೆ ಕೂಗಿ ಹೇಳಿದ್ದನ್ನು ಸ್ವೆತೋನಿಯುಸ್ ಎಂಬ ಇನ್ನೊಬ್ಬ ರೋಮನ್ ಲೇಖಕ ದಾಖಲಿಸಿದ್ದಾನೆ: "ಹವೇ ಇಂಪೆರಾತೋರ್, ಮೊರಿತೂರೀ ತೇ ಸಲೂತಂತ್". ಚಕ್ರವರ್ತಿಗೆ ಜಯವಾಗಲಿ, ಸಾಯಲಿರುವವರು ನಿನಗೆ ವಂದಿಸುತ್ತಾರೆ. "ನಾವು ವಂದಿಸುತ್ತೇವೆ" ಎಂದಿಲ್ಲ ನೋಡಿ, "ವಂದಿಸುತ್ತಾರೆ" ಎಂದಿದೆ.

ಮೊರಿತೂರೀ ಎಂಬ ಒಂದೇ ಪದಕ್ಕೆ ಕನ್ನಡದಲ್ಲಿ "ಸಾಯಲಿರುವವರು" ಎಂದು ಒಂದೇ ಪದ ಸಿಗುತ್ತದೆ. ಪುಲ್ಲಿಂಗ, ಬಹುವಚನ, ಪ್ರಥಮಾ ವಿಭಕ್ತಿ. "ಯಾರು" ಎಂಬ ನಾಮಪದ ಬೇರೆ ಬೇಕಿಲ್ಲ, ಕೃದಂತವೇ ನಾಮಪದವಾಗಿ ನಿಂತಿದೆ, ನಮ್ಮಲ್ಲಿ "ಬಂದವರು ಹೋದವರು" ಅಂದ ಹಾಗೆ.

ಆಮೇಲೆ ನಡೆದದ್ದು ನೋಡಿ. ಕ್ಲಾಡಿಯಸ್ ಎರಡೇ ಪದ ಉತ್ತರ ಕೊಟ್ಟ: "ಔತ್ ನೋನ್". ಅಥವಾ ಇಲ್ಲ. ಅಂದರೆ, ಸಾಯಲಿರುವವರೋ, ಅಲ್ಲವೋ! ಅವನ ಮಾತು ನೇರ ಹೋಗಿ ಆ ಕೃದಂತಕ್ಕೆ ಅಂಟಿಕೊಳ್ಳುತ್ತದೆ. ಮೊರಿತೂರೀ ಎಂದಾಗ ಅವರು ಇನ್ನೂ ಸತ್ತಿಲ್ಲ, ಹೊಸ್ತಿಲ ಮೇಲಿದ್ದಾರೆ, ಆ ಕಡೆಗೂ ಹೋಗಬಹುದು ಈ ಕಡೆಗೂ ಉಳಿಯಬಹುದು. ಅವನು ಆ ಸಂದಿಯಲ್ಲಿ ಎರಡು ಪದ ಇಟ್ಟ. ಕೇಳಿದವರು "ಓಹೋ, ನಮಗೆ ಕ್ಷಮೆ ಸಿಕ್ಕಿತು" ಅಂದುಕೊಂಡು ಯುದ್ಧ ಮಾಡಲ್ಲ ಎಂದು ನಿಂತೇಬಿಟ್ಟರು. ಕ್ಲಾಡಿಯಸ್ ಕೂತ ಜಾಗದಿಂದ ಎದ್ದು ಕೆರೆಯ ದಂಡೆಯ ಮೇಲೆ ಕುಂಟುತ್ತಾ ಓಡಾಡಿ, ಒಂದಷ್ಟು ಗದರಿಸಿ, ಒಂದಷ್ಟು ಪುಸಲಾಯಿಸಿ ಅವರನ್ನು ಯುದ್ಧಕ್ಕೆ ಇಳಿಸಬೇಕಾಯಿತು. ತುಂಬಾ ರಕ್ತ ಹರಿದ ಮೇಲೆ ಉಳಿದವರನ್ನು ಸಾವಿನಿಂದ ಬಿಟ್ಟರು ಅಂತ ತಾಸಿತುಸ್ ಹೇಳುತ್ತಾನೆ. ಹಾಗಾಗಿ ಆ ಸಾಯಲಿರುವವರಲ್ಲಿ ಕೆಲವರ ಪಾಲಿಗೆ "ಅಥವಾ ಇಲ್ಲ" ಎಂಬುದೇ ನಿಜವಾಯಿತು. ಒಂದು ವ್ಯಾಕರಣ ರೂಪದ ಮೇಲೆ ಇಷ್ಟು ಪ್ರಾಣಗಳು ನೇತಾಡಿದ ಇನ್ನೊಂದು ಪ್ರಸಂಗ ನಾನು ಓದಿಲ್ಲ.

ಕಲಿಯುವವರಿಗೆ ಒಂದು ಎಚ್ಚರಿಕೆ. ಸಾಯುವ ಕ್ರಿಯಾಪದದ ಭೂತ ಕೃದಂತ "ಮೊರ್ತುಉಸ್". ಆ ಲೆಕ್ಕದಲ್ಲಿ "ಮೊರ್ತೂರುಸ್" ಆಗಬೇಕಿತ್ತು, ಆಗಲಿಲ್ಲ, "ಮೊರಿತೂರುಸ್" ಆಯಿತು. ಹುಟ್ಟುವುದರಲ್ಲೂ ಹೀಗೇ: ಹುಟ್ಟಿದವನು "ನಾತುಸ್", ಹುಟ್ಟಲಿರುವವನು "ನಾಸ್ಕಿತೂರುಸ್". ಸೂರ್ಯ ಮೂಡುವುದಕ್ಕೆ "ಒರಿತೂರುಸ್", ಹೆರುವುದಕ್ಕೆ "ಪರಿತೂರುಸ್". ಹುಟ್ಟು, ಹೆರಿಗೆ, ಉದಯ, ಸಾವು, ನಾಲ್ಕೂ ಸೂತ್ರಕ್ಕೆ ಸಿಗುವುದಿಲ್ಲ. ಇವನ್ನು ಹಾಗೇ ನೆನಪಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಅಜ್ಜಿಯ ಹಳೇ ಪ್ರಾರ್ಥನಾ ಪುಸ್ತಕ ಸಿಕ್ಕಿತು. ಅದರಲ್ಲಿ ಸತ್ತವರ ಪೂಜೆಯ ಲ್ಯಾಟಿನ್ ಹಾಡಿದೆ. "ಕ್ವಾಂತುಸ್ ತ್ರೆಮೋರ್ ಎಸ್ತ್ ಫುತೂರುಸ್, ಕ್ವಾಂದೋ ಯೂದೆಕ್ಸ್ ಎಸ್ತ್ ವೆಂತೂರುಸ್, ಕುಂಕ್ತಾ ಸ್ತ್ರಿಕ್ತೇ ದಿಸ್ಕುಸ್ಸೂರುಸ್". ಅಜ್ಜಿ ಅರ್ಥ ಗೊತ್ತಿಲ್ಲದೆಯೇ ಪೂರ್ತಿ ಹಾಡುತ್ತಿದ್ದರು. ಇದರ ಅರ್ಥ ಏನು? (ಮಂಗಳೂರು)

ಉತ್ತರ: ನಿಮ್ಮ ಅಜ್ಜಿ ಒಂದೇ ಉಸಿರಿಗೆ ಮೂರು ಭವಿಷ್ಯತ್ ಕೃದಂತ ಹಾಡುತ್ತಿದ್ದರು. ಇದು "ದಿಯೇಸ್ ಈರೇ", ಅಂದರೆ ಕೋಪದ ದಿನ, ಎಂಬ ಮಧ್ಯಯುಗದ ಹಾಡಿನ ಎರಡನೇ ಪದ್ಯ. ಮೊಝಾರ್ಟ್ 1791ರಲ್ಲಿ ಬರೆಯುತ್ತಾ ಮುಗಿಸದೆ ತೀರಿಕೊಂಡ ರೆಕ್ವಿಯೆಂ ಎಂಬ ಸತ್ತವರ ಪೂಜೆಯ ಸಂಗೀತದಲ್ಲೂ ಇದೇ ಸಾಲುಗಳಿವೆ. 1962ರಿಂದ 1965ರವರೆಗೆ ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯಿತು. ಆ ಸುಧಾರಣೆಗಳಲ್ಲಿ ಪೂಜೆ ಆಯಾ ಊರಿನ ಭಾಷೆಗೆ ಬಂತು, ಸತ್ತವರ ಪೂಜೆಯಿಂದ ಈ ಹಾಡನ್ನೂ ಕೈಬಿಟ್ಟರು. ಆದ್ದರಿಂದ ಅಜ್ಜಿಯ ಕಾಲದವರಿಗೆ ಬಾಯಿಗೆ ಬರುವುದು ನಿಮಗೆ ಬರುವುದಿಲ್ಲ.

ಅರ್ಥ ಹೀಗೆ: "ಎಂಥ ನಡುಕ ಆಗಲಿದೆಯೋ, ನ್ಯಾಯ ಹೇಳುವವನು ಬರಲಿರುವಾಗ, ಎಲ್ಲವನ್ನೂ ಕಟ್ಟುನಿಟ್ಟಾಗಿ ಜಾಲಾಡಲಿರುವವನು!"

ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲ ಎರಡು ಸಾಲಿನಲ್ಲಿ ಕೃದಂತಕ್ಕೆ "ಎಸ್ತ್", ಅಂದರೆ "ಇದೆ, ಇದ್ದಾನೆ", ಜೊತೆಗಿದೆ. ಮೂರನೆಯದರಲ್ಲಿ ಇಲ್ಲ. ಅಲ್ಲಿ ಕೃದಂತ ಒಂಟಿಯಾಗಿ ನ್ಯಾಯಾಧೀಶನನ್ನು ಬಣ್ಣಿಸುತ್ತದೆ, ಅವನು ಯಾಕೆ ಬರುತ್ತಾನೆ ಎಂದೂ ಹೇಳುತ್ತದೆ: ಜಾಲಾಡಲೆಂದೇ ಬರುತ್ತಾನೆ. ಇನ್ನೊಂದು, ಅದರಲ್ಲಿ "ತೂರುಸ್" ಇಲ್ಲ, "ಸೂರುಸ್" ಇದೆ. ಆ ಕ್ರಿಯಾಪದದ ನಾಲ್ಕನೇ ರೂಪ "ದಿಸ್ಕುಸ್ಸುಂ", ಅದರಲ್ಲೇ "ತ" ಇಲ್ಲ. ನೋಡಲಿರುವವನು "ವೀಸೂರುಸ್", ಕಳಿಸಲಿರುವವನು "ಮಿಸ್ಸೂರುಸ್", ಇವೂ ಇದೇ ಜಾತಿ.

"ಫುತೂರುಸ್" ಪದದ ಮೇಲೆ ನನಗೆ ವಿಶೇಷ ಪ್ರೀತಿ. ಇದು "ಇರು" ಎಂಬ ಕ್ರಿಯಾಪದದ ಭವಿಷ್ಯತ್ ಕೃದಂತ, ಆಗಲಿರುವುದು. ಇಂಗ್ಲಿಷಿನ ಫ್ಯೂಚರ್ ಇದರಿಂದಲೇ ಬಂದದ್ದು. ನಮ್ಮ "ಭವಿಷ್ಯ" ಎಲ್ಲಿಂದ ಬಂತು? ಸಂಸ್ಕೃತದ "ಭೂ" ಧಾತುವಿನಿಂದ, ಮತ್ತು "ಭವಿಷ್ಯತ್" ಕೂಡ ಒಂದು ಭವಿಷ್ಯತ್ ಕೃದಂತವೇ. ಲ್ಯಾಟಿನ್‌ನ "ಫು" ಮತ್ತು ಸಂಸ್ಕೃತದ "ಭೂ" ಒಂದೇ ತಾಯಿಬೇರಿನವು. ಪ್ರತ್ಯಯ ಬೇರೆ, ಬೇರು ಒಂದೇ. ಅಜ್ಜಿ "ಫುತೂರುಸ್" ಎಂದು ಹಾಡುವಾಗ ಪಕ್ಕದ ಬೀದಿಯ ಜೋಯಿಸರು ಯಾರಿಗೋ "ಭವಿಷ್ಯ" ಹೇಳುತ್ತಿದ್ದಿರಬಹುದು, ಇಬ್ಬರ ಬಾಯಲ್ಲೂ ಅಣ್ಣತಮ್ಮ ಪದಗಳು.

ಅದೇ ಪುಸ್ತಕದಲ್ಲಿ ವಿಶ್ವಾಸ ಸಂಗ್ರಹ, ಅಂದರೆ ನಂಬಿಕೆಯನ್ನು ಸಾರುವ ಪ್ರಾರ್ಥನೆ, ಇದ್ದರೆ ತೆಗೆದು ನೋಡಿ. "ಎತ್ ಇತೆರುಂ ವೆಂತೂರುಸ್ ಎಸ್ತ್" ಎಂಬ ಸಾಲು ಇರುತ್ತದೆ, ಮತ್ತೆ ಬರಲಿದ್ದಾನೆ ಎಂದು. ಕೊನೆಗೆ "ವೀತಂ ವೆಂತೂರೀ ಸೇಕುಲೀ", ಬರಲಿರುವ ಯುಗದ ಬದುಕು. ಇಲ್ಲಿ "ವೆಂತೂರೀ" ಬಹುವಚನ ಅಲ್ಲ, ಷಷ್ಠಿ ಏಕವಚನ. ಮೊರಿತೂರೀ ನೋಡಿದ ಕಣ್ಣಿಗೆ ಮೋಸ ಆಗಬಹುದು, ಅದಕ್ಕೆ ಹೇಳಿದೆ.

ಪ್ರಶ್ನೆ: ಲೆಗೆಂದುಸ್ ಥರದ ರೂಪ ನಿಜವಾಗಿ ಭವಿಷ್ಯವಾ, ಕಡ್ಡಾಯವಾ? "ಓದಲ್ಪಡಲಿರುವ" ಅಂತ ಬರೆಯಲಾ, "ಓದಬೇಕಾದ" ಅಂತ ಬರೆಯಲಾ? (ಬೆಂಗಳೂರು)

ಉತ್ತರ: "ಓದಬೇಕಾದ". ಕಣ್ಣು ಮುಚ್ಚಿಕೊಂಡು ಹಾಗೇ ಬರೆಯಿರಿ. "ಓದಲ್ಪಡಲಿರುವ" ಅನ್ನುವುದು ಕನ್ನಡದ ಕಿವಿಗೆ ಹಿಡಿಸುವುದೂ ಇಲ್ಲ.

ಇದಕ್ಕೆ ಭವಿಷ್ಯತ್ ಕರ್ಮಣಿ ಕೃದಂತ ಎಂದು ಹೆಸರಿಟ್ಟದ್ದೇ ಅರ್ಧ ಗೊಂದಲಕ್ಕೆ ಕಾರಣ ಅಂತ ನನ್ನ ಅಭಿಪ್ರಾಯ. ಹಳೆಯ ಲ್ಯಾಟಿನ್‌ನಲ್ಲಿ ಇದರ ಮುಖ್ಯ ಅರ್ಥ "ಆಗಬೇಕು, ಆಗತಕ್ಕದ್ದು". ರೋಮ್‌ನ ಸೆನೆಟ್ ಸದಸ್ಯ ಹಿರಿಯ ಕಾತೋ ಶತ್ರುನಗರ ಕಾರ್ಥೇಜ್ ಬಗ್ಗೆ ಹೇಳುತ್ತಿದ್ದ ಮಾತು ನೀವು ಕೇಳಿರಬಹುದು: "ಕಾರ್ಥಾಗೋ ದೇಲೆಂದಾ ಎಸ್ತ್", ಕಾರ್ಥೇಜ್ ಅಳಿಯಬೇಕು. ಪದಗಳ ಈ ಜೋಡಣೆ ಈಚಿನವರದು, ಆದರೆ "ಕಾರ್ಥೇಜ್ ದೇಲೆಂದಾ" ಎಂದು ಅವನು ಸೆನೆಟ್‌ನಲ್ಲಿ ಕೂಗುತ್ತಿದ್ದ ಎಂಬುದನ್ನು ರೋಮನ್ ಲೇಖಕ ಪ್ಲೀನಿ ಬರೆದಿದ್ದಾನೆ. ಒಂದು ದಿನ ಕಾತೋ ಸಭೆಗೆ ಒಂದು ಅಂಜೂರದ ಹಣ್ಣು ತಂದು ತೋರಿಸಿದನಂತೆ. ಇದು ಯಾವಾಗ ಕಿತ್ತದ್ದು ಅನ್ನಿಸುತ್ತದೆ ಎಂದು ಕೇಳಿದ. ತಾಜಾ ಇದೆ ಎಂದು ಎಲ್ಲರೂ ಒಪ್ಪಿದರು. ಮೊನ್ನೆ ಕಾರ್ಥೇಜಿನಲ್ಲಿ ಕಿತ್ತದ್ದು, ಶತ್ರು ನಮ್ಮ ಗೋಡೆಗೆ ಅಷ್ಟು ಹತ್ತಿರ ಇದ್ದಾನೆ ಎಂದ. ಕಾತೋ ಕ್ರಿ.ಪೂ. 149ರಲ್ಲಿ ತೀರಿಕೊಂಡ, ಕ್ರಿ.ಪೂ. 146ರಲ್ಲಿ ರೋಮನ್ನರು ಕಾರ್ಥೇಜನ್ನು ನೆಲಸಮ ಮಾಡಿದರು. "ಅಳಿಯಲಿದೆ" ಎಂದು ಅವನು ಭವಿಷ್ಯ ನುಡಿಯಲಿಲ್ಲ, "ಅಳಿಸಲೇಬೇಕು" ಎಂದು ಪಟ್ಟು ಹಿಡಿದ. "ದೇಲೆಂದಾ" ಸ್ತ್ರೀಲಿಂಗ ಯಾಕೆಂದರೆ ಕಾರ್ಥಾಗೋ ಸ್ತ್ರೀಲಿಂಗ.

ಮಾಡಬೇಕಾದವರು ಯಾರು ಎಂದು ಹೇಳಲು ಲ್ಯಾಟಿನ್ ಚತುರ್ಥಿ ವಿಭಕ್ತಿ ಹಾಕುತ್ತದೆ. "ಮಿಹಿ ಲಿಬೆರ್ ಲೆಗೆಂದುಸ್ ಎಸ್ತ್", ಪದಕ್ಕೆ ಪದ ಇಟ್ಟರೆ "ನನಗೆ ಪುಸ್ತಕ ಓದಬೇಕಾದದ್ದು ಇದೆ". "ನನಗೆ ಹೋಗಬೇಕಿತ್ತು", "ನನಗೆ ಇನ್ನೂ ಅಡಿಗೆ ಆಗಬೇಕು" ಅನ್ನುವ ನಮಗೆ ಈ "ನನಗೆ" ವಿಚಿತ್ರ ಅನ್ನಿಸುವುದಿಲ್ಲ. ಇಂಗ್ಲಿಷಿನ ಮೂಲಕ ಲ್ಯಾಟಿನ್ ಕಲಿಯುವವರು ಇಲ್ಲೇ ಒದ್ದಾಡುತ್ತಾರೆ, ನೀವು ಕನ್ನಡದ ಮೂಲಕ ಕಲಿಯಿರಿ.

ಬರೀ ಭವಿಷ್ಯದ ಅರ್ಥ ಪೂರ್ತಿ ಇಲ್ಲ ಅಂತಲ್ಲ. ಕಾಲ ಕಳೆದ ಹಾಗೆ ಬಂತು. ಲ್ಯಾಟಿನ್ ಬೈಬಲಿನಲ್ಲಿ ಯೇಸು ತನ್ನ ಬಗ್ಗೆ "ತ್ರಾದೆಂದುಸ್ ಎಸ್ತ್" ಅನ್ನುತ್ತಾನೆ. ಅಲ್ಲಿ "ಮನುಷ್ಯಕುಮಾರನನ್ನು ಹಿಡಿದು ಒಪ್ಪಿಸಲಿದ್ದಾರೆ" ಎಂದು ಅರ್ಥ, ಒಪ್ಪಿಸಬೇಕು ಎಂದಲ್ಲ. ಸಿಸೆರೋನಂಥ ಹಳೆಯ ರೋಮನ್ ಲೇಖಕರನ್ನು ಓದುವಾಗ "ಬೇಕಾದ", ಬೈಬಲ್ ಓದುವಾಗ ಒಮ್ಮೆ ನಿಂತು ನೋಡಿ.

ಪ್ರಶ್ನೆ: ವಕೀಲ ನಾನು. "ಮುಟಾಟಿಸ್ ಮುಟಾಂಡಿಸ್" ದಿನಾ ಬರೆಯುತ್ತೇನೆ, ಬಿಡಿಸಿ ಹೇಳಿ. "ರೇಷಿಯೋ ಡಿಸಿಡೆಂಡಿ"ಯಲ್ಲೂ ಇದೇ ಕೃದಂತವಾ? (ಹುಬ್ಬಳ್ಳಿ)

ಉತ್ತರ: ಮೊದಲನೆಯದರಲ್ಲಿ ಎರಡು ಕೃದಂತಗಳಿವೆ. "ಮೂತಾತೀಸ್", ಬದಲಾದವು. "ಮೂತಾಂದೀಸ್", ಬದಲಾಗಬೇಕಾದವು. ಒಟ್ಟಿಗೆ "ಬದಲಿಸಬೇಕಾದವನ್ನು ಬದಲಿಸಿಕೊಂಡು". ನೀವು ಕೇಳಿದ "ಡಿಸಿಡೆಂಡಿ" ನೋಡಲು ಹಾಗೇ ಇದ್ದರೂ ಕೃದಂತ ಅಲ್ಲ, ಅದು ಭಾವನಾಮ: ತೀರ್ಮಾನಿಸುವುದರ ಕಾರಣ. "ಲೋಕಸ್ ಸ್ಟಾಂಡಿ", ನಿಲ್ಲುವುದರ ಜಾಗ, ಅದೂ ಹೀಗೇ. ಪಕ್ಕದ ನಾಮಪದದ ಜೊತೆ ಲಿಂಗ ವಚನ ಹೊಂದುತ್ತಿದೆಯಾ ನೋಡಿ. ಹೊಂದದೆ ತಾನೇ ಷಷ್ಠಿಯಲ್ಲಿ ನಿಂತಿದ್ದರೆ ಭಾವನಾಮ.

ನಿಮ್ಮ ಕಸುಬಿಗೆ ಸೇರಿದ ಇನ್ನೊಂದು ಪದ ಮೇಲೆ ಬಂದ "ನಾಸ್ಕಿತೂರುಸ್". ರೋಮನ್ ಕಾನೂನಿನ ಸಂಪ್ರದಾಯದಲ್ಲಿ ಗರ್ಭದಲ್ಲಿರುವ ಮಗುವಿಗೆ ಇದೇ ಹೆಸರು, ಹುಟ್ಟಲಿರುವವನು. ಅವನ ಲಾಭದ ಮಾತು ಬಂದಾಗಲೆಲ್ಲ ಅವನು ಆಗಲೇ ಹುಟ್ಟಿದ್ದಾನೆ ಎಂದು ಭಾವಿಸಬೇಕು ಎಂಬುದು ಅಲ್ಲಿನ ತತ್ವ. ನಮ್ಮ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಕಲಂ ತೆಗೆದು ಪಕ್ಕದಲ್ಲಿಟ್ಟು ಓದಿ. ಉಯಿಲು ಬರೆಯದೆ ತಂದೆ ತೀರಿಕೊಂಡಾಗ ಗರ್ಭದಲ್ಲಿದ್ದು, ಆಮೇಲೆ ಜೀವಂತ ಹುಟ್ಟಿದ ಮಗುವಿಗೂ ಮೊದಲೇ ಹುಟ್ಟಿದ್ದರೆ ಎಷ್ಟು ಹಕ್ಕಿತ್ತೋ ಅಷ್ಟೇ ಹಕ್ಕು.

ಪ್ರಶ್ನೆ: ನಾವು ದಿನಾ ಬಳಸುವ ಪದಗಳಲ್ಲಿ ಈ "ಂದ" ಎಲ್ಲಾದರೂ ಇದೆಯಾ? (ಉಡುಪಿ)

ಉತ್ತರ: ತುಂಬಾ ಇದೆ. ಸಭೆಯ ಅಜೆಂಡಾ ಅಂದರೆ "ಮಾಡಬೇಕಾದವು", ಲ್ಯಾಟಿನ್‌ನಲ್ಲಿ ಅದು ಬಹುವಚನ. ತಹಸೀಲ್ದಾರರಿಗೆ ಕೊಡುವ ಮೆಮೊರಾಂಡಂ "ನೆನಪಿಡಬೇಕಾದದ್ದು", ಆಫೀಸಿನಲ್ಲಿ ಮೆಮೊ ಆಗಿ ಚಿಕ್ಕದಾಗಿದೆ. ಷೇರಿನ ಡಿವಿಡೆಂಡ್ "ಹಂಚಬೇಕಾದದ್ದು". ಪ್ರಾಪಗಾಂಡ 1622ರಲ್ಲಿ ಪೋಪ್ ಹದಿನೈದನೇ ಗ್ರೆಗೊರಿ ಸ್ಥಾಪಿಸಿದ ಧರ್ಮಪ್ರಸಾರ ಮಂಡಳಿಯ ಹೆಸರಿನಿಂದ ಬಂದದ್ದು, ಅಲ್ಲಿ "ಹರಡಬೇಕಾದ ವಿಶ್ವಾಸ" ಎಂದಿತ್ತು, ವಿಶ್ವಾಸ ಬಿದ್ದುಹೋಗಿ "ಹರಡಬೇಕಾದ" ಮಾತ್ರ ಉಳಿಯಿತು.

ನಿಮ್ಮ ಕಡೆಯದ್ದೇ ಒಂದು ಹೇಳುತ್ತೇನೆ. ಮದುವೆ ಕಾಗದದಲ್ಲಿ ಪಾದ್ರಿಗಳ ಹೆಸರಿಗೆ ಮೊದಲು ಇಂಗ್ಲಿಷಿನಲ್ಲಿ ರೆವರೆಂಡ್ ಅಂತ ಹಾಕುತ್ತಾರೆ. ಅದು ಲ್ಯಾಟಿನ್‌ನ "ರೆವೆರೆಂದುಸ್", ಗೌರವಿಸಬೇಕಾದವನು, ಇದೇ ಕೃದಂತ. ಕನ್ನಡದಲ್ಲಿ ಅಚ್ಚು ಹಾಕಿಸುವಾಗ ಅದೇ ಜಾಗದಲ್ಲಿ "ವಂ. ಫಾ." ಅಂತ ಹಾಕಿಸುತ್ತೀರಿ, ವಂದನೀಯ ಫಾದರ್. ವಂದನೀಯ ಅಂದರೆ ವಂದಿಸಬೇಕಾದವನು. ಸ್ಮರಣೀಯ, ಶ್ಲಾಘನೀಯ, ಕರ್ತವ್ಯ, ಗಂತವ್ಯ, ಇವೆಲ್ಲ ಸಂಸ್ಕೃತದಲ್ಲಿ ಇದೇ "ಬೇಕಾದ" ಅರ್ಥದ ಕೃದಂತಗಳು. ರೆವರೆಂಡ್‌ಗೆ ವಂದನೀಯ ಎಂಬ ಅನುವಾದ ಮೊದಲು ಮಾಡಿದವರು ಯಾರೇ ಇರಲಿ, ಅವರಿಗೆ ಎರಡು ವ್ಯಾಕರಣವೂ ಚೆನ್ನಾಗಿ ಗೊತ್ತಿತ್ತು.